ಬನ್ನಿ ಅಂದವರು ಹೋಗಲು ಬಿಡುವುದಿಲ್ಲ

ನಿಮ್ಮ ವೆಬ್‌ಸೈಟಿನ ಫೈಲುಗಳನ್ನು ಇಟ್ಟುಕೊಳ್ಳುವ ಹೋಸ್ಟಿಂಗ್ ಕಂಪನಿ ಬದಲಿಸಿ ನೋಡಿ, ಅಲ್ಲಿನ ಸಪೋರ್ಟ್‌ನವರಿಗೆ ಒಂದೇ ಒಂದು ಮಂತ್ರ ಬಂದರೆ ಸಾಕು. '24ರಿಂದ 48 ಗಂಟೆ ಕಾಯಿರಿ.' ಸೈಟ್ ತೆರೆಯುತ್ತಿಲ್ಲವೇ? ಕಾಯಿರಿ. ನನ್ನ ಫೋನಲ್ಲಿ ಹಳೇ ಸೈಟು, ಹೆಂಡತಿ ಫೋನಲ್ಲಿ ಹೊಸದು ಕಾಣಿಸುತ್ತಿದೆಯಲ್ಲ? ಕಾಯಿರಿ. ಸೈಟ್ ಎಲ್ಲಿದೆ ಎಂದು ಹೇಳುವ ಕಂಪ್ಯೂಟರ್, ಅಂದರೆ ನೇಮ್‌ಸರ್ವರ್, ಅದರ ಹೆಸರನ್ನೇ ತಪ್ಪಾಗಿ ಕೊಟ್ಟವರು ನೀವೇ ಅಲ್ವಾ? ಅದಕ್ಕೂ 48 ಗಂಟೆ.

'ಪ್ರಪಂಚದಾದ್ಯಂತ ಹರಡಬೇಕು ಸಾರ್' ಅನ್ನೋ ವಿವರಣೆ ಬೇರೆ. ಏನೂ ಹರಡುವುದಿಲ್ಲ. ಡಾಟ್ ಕಾಮ್ ಹೆಸರಿನ ನೇಮ್‌ಸರ್ವರ್ ಯಾವುದು ಎಂದು ಕೇಳಿದಾಗ, ಡಾಟ್ ಕಾಮ್‌ನ ಸರ್ವರ್‌ಗಳು ಉತ್ತರದ ಜೊತೆ 1,72,800 ಸೆಕೆಂಡಿನ ಗಡುವನ್ನೂ ಕೊಡುತ್ತವೆ. ಅಂದರೆ ಎರಡು ದಿನ. ಒಮ್ಮೆ ಕೇಳಿಕೊಂಡ ಇಂಟರ್ನೆಟ್ ಕಂಪನಿಗಳ ಸರ್ವರ್‌ಗಳು ಅಲ್ಲಿಯವರೆಗೆ ಹಳೇ ಉತ್ತರವನ್ನೇ ಇಟ್ಟುಕೊಂಡಿರಬಹುದು, ಮತ್ತೆ ಕೇಳಬೇಕಾಗಿಲ್ಲ. ಅಷ್ಟೇ ಕಥೆ. ನೇಮ್‌ಸರ್ವರ್ ಮುಟ್ಟದೆ, ಮೊದಲೇ ಟಿಟಿಎಲ್ ಅನ್ನು, ಅಂದರೆ ಆ ಗಡುವನ್ನು, 300 ಸೆಕೆಂಡಿಗೆ ಇಳಿಸಿ, ಆಮೇಲೆ ಸೈಟಿನ ವಿಳಾಸ ಹೇಳುವ ಎ ರೆಕಾರ್ಡ್ ಒಂದನ್ನು ಬದಲಿಸಿದ್ದರೆ ಹೆಚ್ಚಿನವರಿಗೆ ಐದೇ ನಿಮಿಷದಲ್ಲಿ ಹೊಸ ಸೈಟ್ ಕಾಣುತ್ತಿತ್ತು. ಇದನ್ನು ಮುಂಚೆ ಹೇಳಬಹುದಿತ್ತು. ಹೇಳಿಬಿಟ್ಟರೆ ಮಂತ್ರಕ್ಕೇನು ಬೆಲೆ?

ಇನ್ನೂ ದೊಡ್ಡ ಗುಟ್ಟು ಇದೆ. ಸೈಟನ್ನು ಬೇರೆ ಹೋಸ್ಟ್‌ಗೆ ಒಯ್ಯಲು ಡೊಮೇನ್ ಅನ್ನೂ, ಅಂದರೆ ಸೈಟಿನ ಹೆಸರನ್ನೂ, ಟ್ರಾನ್ಸ್‌ಫರ್ ಮಾಡಲೇಬೇಕು ಅಂತಿಲ್ಲ. ಹೆಸರು ಒಂದು ಕಂಪನಿಯಲ್ಲಿ, ಫೈಲುಗಳು ಇನ್ನೊಂದರಲ್ಲಿ ಆರಾಮಾಗಿ ಇರಬಹುದು. ಮನೆ ಬದಲಿಸಿದವರು ವಿಳಾಸ ತಿದ್ದಿಸುತ್ತಾರೆ, ನಾಮಕರಣ ಮತ್ತೆ ಮಾಡಿಸಿಕೊಳ್ಳುವುದಿಲ್ಲ. ಆದರೆ 'ಮೊದಲ ವರ್ಷ ಡೊಮೇನ್ ಫ್ರೀ' ಅಂತ ಎರಡನ್ನೂ ಸೇರಿಸಿ ಗಂಟು ಹಾಕಿ ಕೊಟ್ಟಿರುತ್ತಾರಲ್ಲ. ಫ್ರೀ ಸಿಕ್ಕಿದ್ದನ್ನು ಬಿಚ್ಚಿ ನೋಡುವುದು ಮರ್ಯಾದೆ ಅಲ್ಲ.

ಇಲ್ಲ, ಹೆಸರನ್ನೂ ಒಯ್ಯುತ್ತೇನೆ ಅಂತ ಹಟ ಹಿಡಿದಿರೋ, ನಿಮ್ಮ ಮೇಲೆ ಹಳೇ ಕಂಪನಿಗಿರುವ ಪ್ರೀತಿ ಗೊತ್ತಾಗುವುದೇ ಆಗ. ಸೇರುವಾಗ ಒಂದು ಕ್ಲಿಕ್ ಸಾಕಿತ್ತು. ಹೊರಡುವಾಗ ಮೊದಲು ಹೆಸರಿನ ಮೇಲಿನ ಲಾಕ್ ತೆಗೆಯಬೇಕು, ಆಮೇಲೆ ಹೆಸರು ಒಯ್ಯಲು ಬೇಕಾದ ಗುಟ್ಟಿನ ಪದ, ಅಂದರೆ ಆತ್ ಕೋಡ್, ಕೇಳಬೇಕು. ನಡುವೆ ಒಂದು ಪುಟ ಬರುತ್ತದೆ. ದಪ್ಪ ಹಸಿರು ಬಟನ್ ಮೇಲೆ 'ಇಲ್ಲೇ ಇರುತ್ತೇನೆ.' ಅದರ ಕೆಳಗೆ, ಕನ್ನಡಕ ಹಾಕಿಕೊಂಡರೆ ಮಾತ್ರ ಕಾಣುವ ಬೂದು ಅಕ್ಷರದಲ್ಲಿ, 'ಬೇಡ, ನನ್ನ ವ್ಯಾಪಾರ ಬೆಳೆಯುವುದು ಬೇಡ.' ಎಂಥ ಕಾಳಜಿ!

ಕೋಡ್ ಬರುವುದು ದಾಖಲೆಯಲ್ಲಿರುವ ಈಮೇಲ್‌ಗೆ. ಆ ಈಮೇಲ್ ಯಾವತ್ತೋ ಸೈಟ್ ಮಾಡಿಕೊಟ್ಟು, ಈಗ ಫೋನ್ ಎತ್ತದ ಹುಡುಗನದ್ದು. ಸರಿ, ಈಮೇಲ್ ಬದಲಿಸೋಣ ಅಂದಿರಾ? ಬದಲಿಸಿ. ಮಾಲೀಕರ ಈಮೇಲ್ ಬದಲಾದದ್ದೇ 60 ದಿನ ಟ್ರಾನ್ಸ್‌ಫರ್ ಬಂದ್. ಇದು ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮ. ಈ ಬೀಗ ಬೇಡ ಅನ್ನುವ ಅವಕಾಶವನ್ನು ಕಂಪನಿ ಮೊದಲೇ ಕೊಡಬಹುದು, ಕೊಡಲೇಬೇಕು ಅಂತಿಲ್ಲ. ಹೆಸರು ಕದಿಯುವ ಕಳ್ಳರು ಇರುವುದು ನಿಜ, ಬೀಗ ಬೇಕು, ಒಪ್ಪಿದೆ. ಕಳ್ಳ ಯಾರು, ಮಾಲೀಕ ಯಾರು ಅಂತ ದುಡ್ಡು ಕಟ್ಟಿಸಿಕೊಳ್ಳುವಾಗ ಮಾತ್ರ ಅವರಿಗೆ ಸರಿಯಾಗಿ ಗೊತ್ತಿರುತ್ತದೆ.

ಹೊಸ ಕಂಪನಿಗೆ ಕೋಡ್ ಕೊಟ್ಟ ಮೇಲೆ ಐದು ದಿನ. ಹಳೇ ಕಂಪನಿ 'ಆಯಿತು' ಅಂದರೆ ಹೆಸರು ಕೂಡಲೇ ಹೊರಡುತ್ತದೆ. ಏನೂ ಅನ್ನದೆ ಕೂತರೆ ಐದು ದಿನದ ಮೇಲೆ ತಾನಾಗೇ ಹೊರಡುತ್ತದೆ. ಸುಮ್ನೆ ಕೂರುವುದಕ್ಕೂ ನಿಯಮದಲ್ಲಿ ಜಾಗ ಇರುವ ಇಂಥ ಉದ್ಯೋಗ ಬೇರೆ ಇದ್ದರೆ ಹೇಳಿ, ನಾನೂ ಅರ್ಜಿ ಹಾಕುತ್ತೇನೆ.

ಇಂಟರ್ನೆಟ್ಟಿಗೂ ಮುಂಚಿನ ಅರ್ಪಾನೆಟ್ ಜಾಲದ ಕಾಲದಲ್ಲಿ ಎಲ್ಲ ಕಂಪ್ಯೂಟರ್‌ಗಳ ಹೆಸರೂ ಒಂದೇ ಫೈಲಿನಲ್ಲಿದ್ದವು. ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಹೆಸರು ಬೇಕೆಂದರೆ ಆಫೀಸ್ ವೇಳೆಯಲ್ಲಿ ಅವರಿಗೆ ಹೇಳಬೇಕು, ಅವರು ಬರೆದುಕೊಳ್ಳುತ್ತಾರೆ. ನೆಟ್‌ವರ್ಕ್ ಬೆಳೆದು ಆ ಫೈಲು ಸಾಲದೇ ಹೋಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್, ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವ ಡಿಎನ್ಎಸ್ ರೂಪಿಸಿದರು. ಯಾವ ಹೆಸರನ್ನು ಯಾರು ನೋಡಿಕೊಳ್ಳಬೇಕು ಅನ್ನುವ ಹೊಣೆಯನ್ನು ಹಂಚಿಬಿಟ್ಟ ಏರ್ಪಾಡು ಅದು, ಇವತ್ತಿಗೂ ಗಟ್ಟಿಯಾಗಿದೆ. ಫೈನ್ಲರ್ ತಂಡದ ಕಾಲದಲ್ಲಿ ಈಗಿನ ಸಪೋರ್ಟ್‌ನ ಚಾಟ್ ರೋಬೋ ಇರಲಿಲ್ಲ. ಪುಣ್ಯವಂತರು, ಕೇಳಿದವರಿಗೆ ಮನುಷ್ಯರೇ ಉತ್ತರ ಕೊಡುತ್ತಿದ್ದರು.

ನಿಜ ಹೇಳಬೇಕೆಂದರೆ ಸಾಕಾಗಿದೆ. ಈ ಹೆಸರು ನಮ್ಮ ಸ್ವಂತದ್ದೂ ಅಲ್ಲ, ಒಂದು ಸಲಕ್ಕೆ ಹತ್ತು ವರ್ಷಕ್ಕಿಂತ ಜಾಸ್ತಿ ಬರೆಸಿಕೊಳ್ಳಲು ಬರುವುದಿಲ್ಲ. ಬಾಡಿಗೆ ಕೊಟ್ಟುಕೊಂಡೇ ಇರಬೇಕು. ಕೊಡುತ್ತಿದ್ದೇವೆ. ಅದನ್ನು ಬೇರೆ ಕಡೆ ಕೊಡುತ್ತೇನೆ ಅಂದರೆ ಅಪರಾಧಿಗಳ ಥರ ನಡೆಸಿಕೊಳ್ಳುವುದು ಯಾಕೆ?

ಇಷ್ಟೆಲ್ಲ ಆಗಿ ಹೊಸ ನೇಮ್‌ಸರ್ವರ್ ಹಾಕಿದಿರಿ, ಸೈಟು ಬಂತು. ಮೇಲ್ ನಿಂತಿತು. ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ರೆಕಾರ್ಡ್ ಹಳೇ ನೇಮ್‌ಸರ್ವರ್‌ನಲ್ಲೇ ಉಳಿದಿದೆ, ಹೊಸ ಕಡೆ ಬರೆಯಬೇಕು ಅಂತ ಯಾರೂ ಬಾಯಿ ಬಿಟ್ಟಿರಲಿಲ್ಲ. ಟಿಕೆಟ್ ಹಾಕಿದಿರಿ. ತಕ್ಷಣ ಉತ್ತರ ಬಂತು, ಆದರೆ ಚಾಟ್‌ನಲ್ಲಿ: 'ನಿಮ್ಮ ಸಮಸ್ಯೆಗೆ ಪರಿಹಾರವನ್ನು ನಿಮ್ಮ ಈಮೇಲ್‌ಗೆ ಕಳಿಸಿದ್ದೇವೆ, ದಯವಿಟ್ಟು ನೋಡಿ.'