ಬೇರೆಯವರಿಗೆಂದು ಸಾಕಿದ ನಾಯಿ

ಅವಳು ನಮ್ಮ ಮನೆಗೆ ಬಂದಾಗ ಎಂಟು ವಾರದ ಮರಿ. ಲ್ಯಾಬ್ರಡಾರ್ ಮತ್ತು ಗೋಲ್ಡನ್ ರಿಟ್ರೀವರ್ ಬೆರೆತ ತಳಿ. ಹೊರಟುಹೋದಾಗ ಒಂದೂವರೆ ವರ್ಷ. ಅವಳು ನಮ್ಮವಳಲ್ಲ ಅಂತ ಮೊದಲ ದಿನದಿಂದಲೇ ಗೊತ್ತಿತ್ತು.

ಕ್ಯಾಲಿಫೋರ್ನಿಯಾದ ಸ್ಯಾಂಟಾ ರೋಸಾದಲ್ಲಿ 1975ರಲ್ಲಿ ಶುರುವಾದ ಕೆನೈನ್ ಕಂಪ್ಯಾನಿಯನ್ಸ್ ಎಂಬ ಸಂಸ್ಥೆ ಅಂಗವಿಕಲರಿಗೆ ನೆರವಿನ ನಾಯಿಗಳನ್ನು ಪಳಗಿಸಿ ಕೊಡುತ್ತದೆ. ಪಡೆಯುವವರು ನಾಯಿಗೆ ದುಡ್ಡು ಕೊಡಬೇಕಾಗಿಲ್ಲ. ಗಾಲಿಕುರ್ಚಿಯಲ್ಲಿ ಇರುವವರ ಕೈಯಿಂದ ಬಿದ್ದ ಕೀಲಿಕೈ ಎತ್ತಿಕೊಡುವುದು, ಬಾಗಿಲು ಎಳೆಯುವುದು, ಲೈಟಿನ ಸ್ವಿಚ್ ಒತ್ತುವುದು, ಬಾಗಿಲ ಗಂಟೆ ಬಾರಿಸಿದರೆ ಕಿವಿ ಕೇಳದವರನ್ನು ಮೂಗಿನಿಂದ ತಟ್ಟಿ ತಿಳಿಸುವುದು, ಇವೆಲ್ಲ ಅವುಗಳ ಕೆಲಸ. ಇದನ್ನೆಲ್ಲ ಕಲಿಸುವವರು ಸಂಸ್ಥೆಯ ತರಬೇತುದಾರರು. ಅದಕ್ಕೆ ಆರರಿಂದ ಒಂಬತ್ತು ತಿಂಗಳು ಬೇಕು. ಆದರೆ ಅದಕ್ಕೂ ಮುಂಚೆ ಮರಿಯನ್ನು ಯಾರೋ ಮನೆಯಲ್ಲಿಟ್ಟು ಬೆಳೆಸಬೇಕು. ನಾವು ಮಾಡಿದ್ದು ಅದನ್ನೇ. ಸಂಬಳವಿಲ್ಲ. ಊಟದ ಖರ್ಚು, ಡಾಕ್ಟರ ಖರ್ಚು ಎಲ್ಲ ನಮ್ಮದೇ. ನೆಲಕ್ಕೆ ಬಿದ್ದ ಚಪಾತಿ ಮುಟ್ಟದಿರುವುದು, ಗದ್ದಲದ ಸಂತೆಯಲ್ಲೂ ಬೆದರದಿರುವುದು, ಮೇಜಿನ ಕೆಳಗೆ ಗಂಟೆಗಟ್ಟಲೆ ಸುಮ್ನೆ ಮಲಗುವುದು, ಇಷ್ಟು ಕಲಿಸಲು ನಮಗೆ ಒಂದು ವರ್ಷವೇ ಹಿಡಿಯಿತು. ಇಷ್ಟೆಲ್ಲ ಮಾಡಿದರೂ ಸುಮಾರು ಅರ್ಧದಷ್ಟು ನಾಯಿಗಳು ಕೊನೆಯವರೆಗೆ ತೇರ್ಗಡೆಯಾಗುವುದಿಲ್ಲ.

ಆ ವರ್ಷ ಅಮ್ಮ ಹಾಸನದಿಂದ ಅಮೆರಿಕಕ್ಕೆ, ನಮ್ಮ ಮನೆಗೆ ಬಂದಿದ್ದರು. "ಕೊನೆಗೆ ಕೊಟ್ಟುಬಿಡೋದಾದರೆ ಯಾಕೋ ಇಷ್ಟು ಹಚ್ಚಿಕೊಳ್ತೀಯ?" ಅಂತ ಕೇಳಿದರು. ಉತ್ತರ ಕೊಡಲು ಹೋಗಿ ನನಗೆ ಚಿಕ್ಕಪ್ಪನ ನೆನಪಾಯಿತು.

ಸಕ್ಕರೆ ಕಾಯಿಲೆಯಿಂದ ಅವರ ಎರಡೂ ಕಣ್ಣು ಹೋಗಿದ್ದವು. ನಮ್ಮ ಮನೆಯಲ್ಲಿ ಅವರನ್ನು ಯಾರೂ ಕೈಬಿಟ್ಟವರಲ್ಲ. ತಟ್ಟೆಗೆ ಬಡಿಸಿ ಕೈಗೆ ಕೊಡುತ್ತಿದ್ದರು. ದೇವಸ್ಥಾನಕ್ಕೆ ಹೊರಟರೆ ಪಕ್ಕದ ಮನೆಯವರೂ ಭುಜ ಕೊಡುತ್ತಿದ್ದರು. ಇಲ್ಲಿ ಅಮೆರಿಕದಲ್ಲಿ ನಾನು ಅಂಥದ್ದನ್ನು ಕಂಡಿದ್ದು ಕಡಿಮೆ. ಆದರೆ ಸಂಜೆಯಾದರೆ ಚಿಕ್ಕಪ್ಪ ಚಪ್ಪಲಿ ಹಾಕಿಕೊಂಡು ಜಗಲಿಯಲ್ಲಿ ಕೂತಿರುತ್ತಿದ್ದರು. ಯಾರಾದರೂ ಬಂದರೆ ಹೋಗುವುದು, ಬಾರದಿದ್ದರೆ ಚಪ್ಪಲಿ ಬಿಚ್ಚಿ ಒಳಗೆ ಬರುವುದು. ಒಂದು ದಿನವೂ ಬಾಯಿಬಿಟ್ಟು ಕೇಳಿದವರಲ್ಲ. ಕೇಳಿದರೆ ಹೊರೆಯಾದೀತು ಅನ್ನುವ ಸಂಕೋಚ. ಅದು ಸಂಕೋಚ ಅಂತ ನನಗೆ ತಿಳಿದದ್ದು ಅವರು ಹೋದ ಮೇಲೆ.

ನಮ್ಮ ನಾಯಿ ತೇರ್ಗಡೆಯಾಯಿತು. ಪಡೆದ ಹೆಂಗಸು ಎರಡು ವಾರ ಸಂಸ್ಥೆಯಲ್ಲೇ ಉಳಿದು ಅವಳ ಜೊತೆ ಕಲಿತರು. ಕೊನೆಯ ದಿನ ಲೀಶನ್ನು ಅವರ ಕೈಗೆ ಕೊಟ್ಟವನು ನಾನೇ. ಅವರು ಒಬ್ಬರೇ ಇರುತ್ತಾರೆ. ರಾತ್ರಿ ಎರಡು ಗಂಟೆಗೆ ಫೋನ್ ಕೆಳಗೆ ಬಿದ್ದರೆ ಈಗ ಯಾರನ್ನೂ ಎಬ್ಬಿಸಬೇಕಾಗಿಲ್ಲ ಅಂದರು. ಇಷ್ಟೇ ಮಾತು. ನನಗೆ ಮತ್ತೆ ಜಗಲಿಯೇ ಕಣ್ಣ ಮುಂದೆ ಬಂತು.

ಆಮೇಲೊಮ್ಮೆ ಅವರನ್ನು ಊಟಕ್ಕೆ ಕರೆದೆವು. ಹೋಟೆಲು ನಮ್ಮ ದೇಶದವರದ್ದೇ. ನಾಯಿ ಅಂತ ಬಾಗಿಲಲ್ಲೇ ತಡೆದರು. ಅಮೆರಿಕದ 1990ರ ಅಂಗವಿಕಲರ ಕಾಯ್ದೆಯ ಪ್ರಕಾರ ಇಲ್ಲಿ ಎರಡೇ ಪ್ರಶ್ನೆ ಕೇಳಬಹುದು. ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕಾ? ಅದಕ್ಕೆ ಯಾವ ಕೆಲಸ ಕಲಿಸಿದ್ದಾರೆ? ಕಾಗದಪತ್ರ ಕೇಳುವ ಹಾಗಿಲ್ಲ. ನಾನು ಹೇಳಿದೆ, ಅವರು ಒಪ್ಪಲಿಲ್ಲ. ಆಕೆ ಜಗಳ ಬೇಡ ಅಂದು ಹಿಂತಿರುಗಿದರು. ನಮ್ಮವರು ಬಾಗಿಲು ಮುಚ್ಚಿದರಲ್ಲ ಅಂತ ನನಗೆ ಬಹಳ ನಾಚಿಕೆಯಾಯಿತು.

ಊರಿನಲ್ಲೂ ಇಂಥ ನಾಯಿಗಳು ಬೇಕು ಅಂತ ಇಲ್ಲಿನ ಗೆಳೆಯರು ಹೇಳುತ್ತಾರೆ. ಬರಲಿ. ಆದರೆ ನಮ್ಮ ಬೀದಿಯಲ್ಲಿ ಫುಟ್‌ಪಾತ್ ಎಲ್ಲಿಯೋ ಟ್ರಾನ್ಸ್‌ಫಾರ್ಮರ್ ಬಳಿ ಮುಗಿದುಹೋಗುತ್ತದೆ. ತಿರುವಿಗೊಂದು ಬೀದಿನಾಯಿಗಳ ಗುಂಪು. ಪಳಗಿದ ನಾಯಿಯೂ ಅಲ್ಲಿ ಏನು ಮಾಡೀತು? ಹೋಟೆಲಿನ ಬಾಗಿಲು, ಆಟೋ ಸೀಟು ಮೊದಲು ತೆರೆಯಬೇಕು.

ನಮ್ಮ ಜನ ಪರರಿಗಾಗಿ ಇಷ್ಟು ಹೊತ್ತು ಕೊಡುವುದಿಲ್ಲ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಕಣ್ಣು ಕಾಣದ ಮಕ್ಕಳ ಪರೀಕ್ಷೆ ಬರೆದುಕೊಡಲು ಬೆಂಗಳೂರಿನಲ್ಲಿ ಎಷ್ಟು ಮಂದಿ ಆಫೀಸಿಗೆ ರಜೆ ಹಾಕಿ ಹೋಗುತ್ತಾರೆ! ಮಗು ಯಾರದೋ, ಹೆಸರೂ ಗೊತ್ತಿರುವುದಿಲ್ಲ. ಹೇಳಿದ ಹೊತ್ತಿಗೆ ಹೋಗಿ ಕೂರುತ್ತಾರೆ. ಮರಿ ಸಾಕುವುದೂ ಅಂಥದ್ದೇ ಅಲ್ವಾ? ಚಿಕ್ಕಪ್ಪನಿಗೆ ಬೇಕಿದ್ದದ್ದು ಹೀಗೆ ಹೊತ್ತಿಗೆ ಸರಿಯಾಗಿ, ಕೇಳದೆಯೇ ಬರುವ ಜೊತೆ.

ನಮ್ಮ ಬೀದಿಯಲ್ಲಿ ಈಗ ಕಣ್ಣು ಕಾಣದ ಮೇಷ್ಟ್ರೊಬ್ಬರಿದ್ದಾರೆ ಅಂತ ಅಮ್ಮ ಹೇಳಿದರು. ಡಿಸೆಂಬರಿನಲ್ಲಿ ಊರಿಗೆ ಹೋದಾಗ ಐದು ಗಂಟೆಗೆ ಬರ್ತೀನಿ ಮೇಷ್ಟ್ರೇ ಅಂತ ಹೇಳಿ, ದಿನಾ ಐದಕ್ಕೇ ಹೋಗಬೇಕು ಅಂದುಕೊಂಡಿದ್ದೇನೆ. ಯಾವ ಕಡೆ ನಡೆಯಬೇಕು ಅಂತ ಅವರೇ ಹೇಳಲಿ.