ಮಿಸ್ಸಿನ ಗಂಟಲು ಮೊದಲು, ಸ್ಮಾರ್ಟ್ ಬೋರ್ಡು ಆಮೇಲೆ

ಬೆಂಗಳೂರಿನ ಖಾಸಗಿ ಶಾಲೆಗಳಲ್ಲಿ ಈಗೊಂದು ಹೊಸ ರೂಢಿ. ಶನಿವಾರ ಮಧ್ಯಾಹ್ನ ಮಕ್ಕಳನ್ನು ಮನೆಗೆ ಕಳಿಸಿ, ಟೀಚರುಗಳನ್ನು ಹಾಲ್‌ನಲ್ಲಿ ಕೂರಿಸಿ ‘ಒತ್ತಡ ನಿರ್ವಹಣೆ’ ಅಂತ ಎರಡು ಗಂಟೆ ಕಾರ್ಯಾಗಾರ. ಕಣ್ಣು ಮುಚ್ಚಿ, ಉಸಿರೆಳೆದುಕೊಳ್ಳಿ, ಬಿಡಿ. ಸೋಮವಾರ ಬೆಳಿಗ್ಗೆ ಮತ್ತದೇ ಆರು ಪೀರಿಯಡ್, ಅದೇ ಐವತ್ತೈದು ನೋಟ್‌ಬುಕ್, ರಾತ್ರಿ ಹತ್ತೂವರೆಗೆ ಗ್ರೂಪಿನಲ್ಲಿ ಅದೇ ‘ಮಿಸ್, ನಾಳೆ ಕಲರ್ ಡ್ರೆಸ್ಸಾ?’. ಉಸಿರಾಟದ ಮೇಲೆ ನನಗೇನೂ ತಕರಾರಿಲ್ಲ. ಆದರೆ ಟೀಚರುಗಳ ದಣಿವು ಬಹುಪಾಲು ಹುಟ್ಟುವುದು ಗಂಟಲಲ್ಲಿ, ಮೀನಖಂಡದಲ್ಲಿ, ಕೆಂಪು ಪೆನ್ನಿನಲ್ಲಿ, ಫೋನಿನಲ್ಲಿ. ತಳ ತೂತಾದ ಕೊಡಕ್ಕೆ ಮೇಲಿಂದ ಎಷ್ಟು ನೀರು ಹೊಯ್ದರೇನು? ತೂತು ಎಲ್ಲೆಲ್ಲಿದೆ ಅಂತ ನೋಡೋಣ.

ಮೊದಲು ಗಂಟಲು. ನಲವತ್ತು ನಿಮಿಷದ ಆರು ಪೀರಿಯಡ್ ಅಂದರೆ ನಾಲ್ಕು ಗಂಟೆ. ನಮ್ಮಲ್ಲಿ ಎಷ್ಟೋ ಶಾಲೆಗಳು ನಡೆಯುತ್ತಿರುವುದು ಮನೆಗಾಗಿ ಕಟ್ಟಿದ ಕಟ್ಟಡಗಳಲ್ಲಿ. ಪಕ್ಕದ ತರಗತಿಗೂ ಇದಕ್ಕೂ ನಡುವೆ ಪ್ಲೈವುಡ್ ಗೋಡೆ, ತಲೆಯ ಮೇಲೆ ಶೀಟು, ಕಿಟಕಿಯಾಚೆ ಆಟೋ ಹಾರ್ನು. ಸುತ್ತ ಸದ್ದು ಏರಿದಂತೆ ಮನುಷ್ಯನ ದನಿಯೂ ತನಗೆ ತಿಳಿಯದೆ ಏರುತ್ತದೆ. ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲೇ ಇದನ್ನು ಬರೆದಿಟ್ಟ. ನೀವು ಕೂಗಿದರೆ ಮಕ್ಕಳೂ ಕೂಗುತ್ತಾರೆ, ಅವರನ್ನು ಮೀರಿಸಲು ನೀವು ಇನ್ನೊಂದು ಮೆಟ್ಟಿಲು ಹತ್ತುತ್ತೀರಿ. ಆದ್ದರಿಂದ ‘ಸೈಲೆನ್ಸ್!’ ಅನ್ನುವ ಪದವನ್ನೇ ಬಾಯಿಂದ ತೆಗೆದುಹಾಕಿ. ಮೂರು ಚಪ್ಪಾಳೆಯ ಒಂದು ತಾಳ, ಇಲ್ಲವೇ ಮೇಜಿನ ಮೇಲೊಂದು ಪೂಜೆಯ ಗಂಟೆ ಸಾಕು. ತಾಳ ಹಾಕಿದ ಮೇಲೆ ತರಗತಿ ಪೂರ್ತಿ ತಣ್ಣಗಾಗುವ ತನಕ ಬಾಯಿ ಬಿಡಬೇಡಿ. ಅರ್ಧ ತಣ್ಣಗಾದಾಗಲೇ ಶುರು ಮಾಡುವುದರಿಂದಲೇ ಈ ಉಪಾಯ ಕೆಡುವುದು. ಆ ತಾಳಕ್ಕೆ ಬೆಲೆಯಿಲ್ಲ ಅನ್ನುವುದು ಮಕ್ಕಳಿಗೆ ಎರಡೇ ದಿನದಲ್ಲಿ ಗೊತ್ತಾಗುತ್ತದೆ.

ಗಂಟಲು ಕೆರೆಯುತ್ತಿದೆ ಅಂತ ‘ಹ್ಞಂ, ಹ್ಞಂ’ ಅಂತ ಕೆಮ್ಮಿ ಸರಿಪಡಿಸಿಕೊಳ್ಳುವುದು ಕೆಟ್ಟ ಅಭ್ಯಾಸ. ಅದರಿಂದ ಧ್ವನಿತಂತುಗಳು ಒಂದಕ್ಕೊಂದು ಬಡಿದು ಇನ್ನಷ್ಟು ಊದಿಕೊಳ್ಳುತ್ತವೆ. ಉಗುಳು ನುಂಗಿ, ಇಲ್ಲವೇ ಒಂದು ಗುಟುಕು ನೀರು ಕುಡಿಯಿರಿ. ದನಿ ಕೂತಾಗ ಪಿಸುಗುಟ್ಟಿದರೆ ಗಂಟಲಿಗೆ ವಿಶ್ರಾಂತಿ ಅಂದುಕೊಂಡವರು ಬಹಳ ಜನ. ಪಿಸುಮಾತು ಆ ತಂತುಗಳನ್ನು ಬಿಗಿ ಹಿಡಿಸುತ್ತದೆ, ಮೆಲುದನಿಯೇ ವಾಸಿ. ಬೋರ್ಡಿನ ಕಡೆ ತಿರುಗಿ ಬರೆಯುತ್ತ ಮಾತಾಡುವುದನ್ನೂ ಬಿಡಿ. ಗೋಡೆಗೆ ಹೇಳಿದ್ದು ಕೊನೆಯ ಬೆಂಚಿಗೆ ಮುಟ್ಟಬೇಕೆಂದರೆ ಕೂಗಲೇಬೇಕು, ಮೇಲಾಗಿ ಸೀಮೆಸುಣ್ಣದ ಪುಡಿಯೆಲ್ಲ ನೇರ ಬಾಯಿಗೆ. ಒಣ ಡಸ್ಟರಿಗಿಂತ ಒದ್ದೆ ಬಟ್ಟೆ ಮೇಲು. ಮೇಲಿಂದ ಕೆಳಕ್ಕೆ ಒರೆಸಿ, ಒಣಗಿದ ಮೇಲೆ ಬರೆಯಿರಿ. ಹಸಿ ಬೋರ್ಡಿನ ಮೇಲೆ ಬರೆದರೆ ಅಕ್ಷರ ಆಮೇಲೆ ಅಳಿಸಲು ಬರುವುದಿಲ್ಲ.

ಸೊಂಟಕ್ಕೆ ಕಟ್ಟುವ ಸಣ್ಣ ಮೈಕ್ ಸೆಟ್ಟು ಈಗ ಎರಡು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಕೊಂಡವರಲ್ಲಿ ಅರ್ಧ ಜನ ಒಂದು ವಾರದಲ್ಲಿ ಮೂಲೆಗೆ ಹಾಕುತ್ತಾರೆ, ಅದು ಕುಂಯ್ ಅಂತ ಕಿರುಚುತ್ತದೆ ಅಂತ. ಸ್ಪೀಕರಿನ ಸದ್ದು ಮತ್ತೆ ಮೈಕಿನೊಳಗೇ ಹೋಗುವುದರಿಂದ ಹಾಗಾಗುವುದು. ಸ್ಪೀಕರನ್ನು ಸೊಂಟದಿಂದ ಬಿಚ್ಚಿ, ನಿಮಗಿಂತ ಮುಂದೆ, ಮೇಜಿನ ಮೇಲೆ ಮಕ್ಕಳ ಕಡೆ ಮುಖ ಮಾಡಿ ಇಡಿ. ಮೈಕ್ ತುಟಿಯ ನೇರಕ್ಕೆ ಬೇಡ, ಬಾಯಿಯ ಮೂಲೆಯಿಂದ ಎರಡು ಬೆರಳು ದೂರವಿರಲಿ. ನೆಗಡಿ ಇಲ್ಲದೆಯೂ ದನಿ ಒಡೆದದ್ದು ಮೂರು ವಾರವಾದರೂ ಸರಿಹೋಗದಿದ್ದರೆ ಕಷಾಯ ಸಾಕು ಮಾಡಿ ಇಎನ್‌ಟಿ ವೈದ್ಯರಿಂದ ಧ್ವನಿಪೆಟ್ಟಿಗೆ ನೋಡಿಸಿ. ತಂತುಗಳ ಮೇಲಿನ ಸಣ್ಣ ಗಂಟು ಬೇಗ ಗೊತ್ತಾದರೆ ಎಷ್ಟೋ ಸಲ ಆಪರೇಷನ್ ಇಲ್ಲದೆ, ವಾಕ್‌ಚಿಕಿತ್ಸೆಯಲ್ಲೇ ಕರಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಧ್ವನಿ ತೊಂದರೆಗೂ ಚಿಕಿತ್ಸೆಯಿದೆ. ಅದು ಮಾತು ಬಾರದ ಮಕ್ಕಳಿಗೆ ಮಾತ್ರ ಅಂದುಕೊಳ್ಳಬೇಡಿ.

ಇನ್ನು ಸ್ಮಾರ್ಟ್ ಕ್ಲಾಸು. ಪೋಷಕರಿಗೆ ತೋರಿಸಲು ಗೋಡೆಗೊಂದು 75 ಇಂಚಿನ ಪ್ಯಾನೆಲ್ ಹಾಕಿದ್ದಾರೆ, ಒಳ್ಳೆಯದೇ. ಆದರೆ ಅದು ಪಾಠದ ನಡುವೆ ಕೈಕೊಟ್ಟರೆ ಮಕ್ಕಳ ಮುಂದೆ ಬೆವರುವವರು ನೀವು. ಈ ಪ್ಯಾನೆಲ್‌ಗಳಲ್ಲಿ ಬಹುಪಾಲು ನಿಮ್ಮ ಬೆರಳನ್ನು ಗುರುತಿಸುವುದು ಚೌಕಟ್ಟಿನ ಅಂಚಿನಲ್ಲಿ ಹರಿಯುವ ಅತಿಗೆಂಪು ಕಿರಣಗಳಿಂದ. ಆ ಅಂಚಿನಲ್ಲಿ ಸೀಮೆಸುಣ್ಣದ ಪುಡಿ ಕೂತರೆ ನೀವು ಮುಟ್ಟದ ಕಡೆ ಗೆರೆ ಬೀಳುತ್ತದೆ, ಮುಟ್ಟಿದ ಕಡೆ ಬೀಳುವುದಿಲ್ಲ. ಕಂಪನಿಗೆ ಫೋನು ಮಾಡುವ ಮೊದಲು ನಾಲ್ಕೂ ಅಂಚನ್ನು ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ ನೋಡಿ. ಸೆರಗು, ಸಡಿಲ ಬಳೆ ಪರದೆಗೆ ತಾಕಿದರೂ ಅದು ಬೆರಳೆಂದೇ ತಿಳಿಯುತ್ತದೆ. ಪ್ರೊಜೆಕ್ಟರ್ ಆದರೆ ಅದರ ಗಾಳಿಯ ಫಿಲ್ಟರನ್ನು ತಿಂಗಳಿಗೊಮ್ಮೆ ತೆಗೆದು ಕೊಡವಿ. ಬಲ್ಬಿನ ಪ್ರೊಜೆಕ್ಟರನ್ನು ಆಫ್ ಮಾಡಿದ ಮೇಲೆ ಫ್ಯಾನು ನಿಲ್ಲುವವರೆಗೆ ಗೋಡೆಯ ಸ್ವಿಚ್ಚು ತೆಗೆಯಬೇಡಿ. ಬೆಲ್ ಹೊಡೆದ ಅವಸರದಲ್ಲಿ ಮೇನ್ ತೆಗೆದೇ ಎಷ್ಟೋ ಬಲ್ಬುಗಳು ಆಯಸ್ಸಿಗೆ ಮುಂಚೆ ಸತ್ತಿವೆ.

ಪರದೆ ಮಂಕಾಗಿ ಕಾಣುತ್ತದೆ ಅಂತ ಕೋಣೆಗೆಲ್ಲ ಪರದೆಬಟ್ಟೆ ಹಾಕಿ ಕತ್ತಲು ಮಾಡಬೇಕಿಲ್ಲ. ಕತ್ತಲಾದರೆ ಹಿಂದಿನ ಬೆಂಚಿನ ಅರ್ಧ ಜನ ನಿದ್ದೆಗೆ ಜಾರುತ್ತಾರೆ. ಬೋರ್ಡಿಗೆ ಹತ್ತಿರದ ಒಂದು ಕಿಟಕಿ ಮುಚ್ಚಿ, ಮುಂದಿನ ಟ್ಯೂಬ್‌ಲೈಟ್ ಆರಿಸಿದರೆ ಸಾಕು. ತೊಂದರೆಯೇನೆಂದರೆ ನಮ್ಮ ತರಗತಿಗಳಲ್ಲಿ ಎಲ್ಲ ಟ್ಯೂಬುಗಳಿಗೂ ಒಂದೇ ಸ್ವಿಚ್ಚು. ಮುಂದಿನದಕ್ಕೆ ಬೇರೆ ಸ್ವಿಚ್ಚು ಹಾಕಲು ಎಲೆಕ್ಟ್ರಿಷಿಯನ್‌ಗೆ ಅರ್ಧ ದಿನದ ಕೆಲಸ. ಲಕ್ಷಗಟ್ಟಲೆ ಪ್ಯಾನೆಲ್ ಕೊಂಡ ಆಡಳಿತ ಮಂಡಳಿಯ ಹತ್ತಿರ ಮೊದಲು ಕೇಳಬೇಕಾದದ್ದು ಇದನ್ನೇ.

ಕರೆಂಟಿನ ಲೆಕ್ಕವನ್ನೂ ಒಮ್ಮೆ ಹಾಕಿಡಿ. ಪ್ರೊಜೆಕ್ಟರ್ 280 ವ್ಯಾಟ್, ಲ್ಯಾಪ್‌ಟಾಪ್ 60, ಒಟ್ಟು 340. 12 ವೋಲ್ಟಿನ 150 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿಯಲ್ಲಿರುವುದು 1,800 ವ್ಯಾಟ್-ಗಂಟೆ. ಕಾಗದದ ಮೇಲೆ ಐದು ಗಂಟೆ ಬರಬೇಕು. ಇನ್ವರ್ಟರಿನ ಸೋರಿಕೆ, ಹೆಚ್ಚು ಕರೆಂಟು ಎಳೆದಾಗ ಬ್ಯಾಟರಿ ಬೇಗ ಕುಸಿಯುವುದು, ಎಲ್ಲ ಕಳೆದು ನಿಜಕ್ಕೆ ಸಿಗುವುದು ಎರಡೂವರೆ, ಅದೂ ಬ್ಯಾಟರಿ ಹೊಸದಿದ್ದರೆ. ಮಳೆಗೆ ಮರ ಬಿದ್ದು ಬೆಸ್ಕಾಂ ಲೈನು ಹೋದ ದಿನ ಮೂರು ತರಗತಿಗೆ ಒಂದೇ ಯುಪಿಎಸ್ ಇದ್ದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ವೀಡಿಯೊಗಳನ್ನು ಸರ್ಕಾರದ ಪಾಠಗಳಿರುವ ದೀಕ್ಷಾ ಆ್ಯಪಿನಲ್ಲಿ ಹಿಂದಿನ ದಿನವೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಯೂಟ್ಯೂಬನ್ನು ನೇರವಾಗಿ ಹಾಕಿ ಏಳನೇ ಕ್ಲಾಸಿನ ಮುಂದೆ ಬರಬಾರದ ಜಾಹೀರಾತು ಬಂದರೆ ಆ ದಿನ ಪಾಠ ಮುಗಿದಂತೆಯೇ.

ಕನ್ನಡ ಟೀಚರುಗಳಿಗೆ ಇನ್ನೊಂದು ಗೋಳಿದೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಹೊಡೆದ ಪ್ರಶ್ನೆಪತ್ರಿಕೆ ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೋಜಲು. ಆ ಫಾಂಟುಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು, ಫಾಂಟು ಇಲ್ಲದ ಕಡೆ ವೇಷ ಕಳಚುತ್ತದೆ. ಹಳೆಯ ಫೈಲುಗಳನ್ನು ಒಂದು ಸಲ ಯುನಿಕೋಡಿಗೆ ಬದಲಿಸಿಟ್ಟುಕೊಳ್ಳಿ. ಬದಲಿಸಿದ ಮೇಲೆ ಎರಡು ಕಡೆ ಕಣ್ಣಿಡಿ. ಒಂದು, ಅರ್ಕಾವತ್ತು ಜಾಗ ತಪ್ಪಿರುತ್ತದೆ. ಇನ್ನೊಂದು, ನಡುವೆ ಇದ್ದ ಇಂಗ್ಲಿಷ್ ಪದಗಳೂ ಕನ್ನಡದ ಅರ್ಥವಿಲ್ಲದ ಅಕ್ಷರಗಳಾಗಿರುತ್ತವೆ. ಸ್ಲೈಡಿನಲ್ಲಿ ಕನ್ನಡ 32 ಪಾಯಿಂಟಿಗಿಂತ ಚಿಕ್ಕದಿರಬಾರದು. ಇಂಗ್ಲಿಷಿಗೆ 24 ಸಾಕಾದರೂ ನಮಗೆ ಒತ್ತಕ್ಷರ ಇದೆಯಲ್ಲ. ‘ಜ್ಯೋತ್ಸ್ನೆ’ ಅಂತ ಬರೆದು ಕೊನೆಯ ಬೆಂಚಿನಲ್ಲಿ ಕೂತು ನೋಡಿ, ಕಂಡರೆ ಸರಿ. ಎಐ ಬಳಸಿ ಪ್ರಶ್ನೆಪತ್ರಿಕೆ ಮಾಡುವವರು ಇದ್ದಾರೆ, ಮಾಡಲಿ. ಪದ್ಯದ ಸಾಲು, ಕವಿಯ ಊರು, ಕಾವ್ಯನಾಮ, ಈ ಮೂರನ್ನು ಮಾತ್ರ ಅದರ ಮಾತು ನಂಬದೆ ಪಠ್ಯಪುಸ್ತಕ ತೆಗೆದು ನೋಡಿ. ಮಕ್ಕಳ ಹೆಸರು, ಅಂಕಪಟ್ಟಿ ಅದರೊಳಗೆ ಹಾಕಲೇಬೇಡಿ.

ಈಗ ಕೆಂಪು ಪೆನ್ನು. ಐವತ್ತೈದು ಉತ್ತರಪತ್ರಿಕೆ, ಒಂದಕ್ಕೆ ಆರು ನಿಮಿಷ ಅಂದರೆ ಐದೂವರೆ ಗಂಟೆ. ಒಂದು ಪೇಪರ್ ಪೂರ್ತಿ ಮುಗಿಸಿ ಇನ್ನೊಂದು ಎತ್ತಿಕೊಳ್ಳುವುದು ನಮ್ಮ ರೂಢಿ. ಅದರ ಬದಲು ಎಲ್ಲರ ಒಂದನೇ ಪ್ರಶ್ನೆ, ಆಮೇಲೆ ಎಲ್ಲರ ಎರಡನೇ ಪ್ರಶ್ನೆ ಅಂತ ನೋಡಿ. ಉತ್ತರ ತಲೆಯಲ್ಲೇ ಕೂತಿರುವುದರಿಂದ ಕೈ ಓಡುತ್ತದೆ, ಒಂದೇ ಬಗೆಯ ಉತ್ತರಕ್ಕೆ ಒಬ್ಬನಿಗೆ ಎರಡು, ಇನ್ನೊಬ್ಬಳಿಗೆ ಮೂರು ಅಂಕ ಬೀಳುವುದೂ ತಪ್ಪುತ್ತದೆ. ಎರಡನೇ ಪ್ರಶ್ನೆಗೆ ಕಟ್ಟನ್ನು ಕೆಳಗಿನಿಂದ ಶುರು ಮಾಡಿ. ಇಲ್ಲದಿದ್ದರೆ ನಿಮ್ಮ ದಣಿವೆಲ್ಲ ಪ್ರತಿ ಸಲವೂ ಕಟ್ಟಿನ ತಳದಲ್ಲಿರುವ ಅದೇ ಮಕ್ಕಳ ಪಾಲಿಗೆ.

ನೋಟ್‌ಬುಕ್ಕಿನಲ್ಲಿ ಪ್ರತಿ ತಪ್ಪನ್ನೂ ನೀವೇ ತಿದ್ದಿ ಬರೆಯುವುದು ಮಗು ಮಾಡಬೇಕಾದ ಕೆಲಸವನ್ನು ನೀವು ಮಾಡಿಕೊಟ್ಟಂತೆ. ಅಂಚಿನಲ್ಲಿ ಗುರುತು ಮಾತ್ರ ಹಾಕಿ: ‘ಒ’ ಅಂದರೆ ಒತ್ತಕ್ಷರ, ‘ದೀ’ ಅಂದರೆ ದೀರ್ಘ, ‘ವಿ’ ಅಂದರೆ ವಿಭಕ್ತಿ. ಆ ಸಾಲಿನಲ್ಲಿ ತಪ್ಪು ಎಲ್ಲಿದೆ ಅಂತ ಮಗುವೇ ಹುಡುಕಲಿ. ದಿನಕ್ಕೆ ಹನ್ನೊಂದು ಪುಸ್ತಕ ಆಳವಾಗಿ ನೋಡಿದರೆ ಐದು ದಿನಕ್ಕೆ ಐವತ್ತೈದೂ ಮುಗಿಯುತ್ತವೆ. ಉಳಿದವಕ್ಕೆ ಆ ದಿನ ಬರೀ ಸಹಿ ಸಾಕು.

ಬೆಂಗಳೂರಿನ ತರಗತಿಯಲ್ಲಿ ತಪ್ಪುಗಳಿಗೂ ಮನೆಮಾತಿನ ಜಾಡು ಇರುತ್ತದೆ, ಅದು ಗೊತ್ತಿದ್ದರೆ ಅರ್ಧ ಸಿಟ್ಟು ಇಳಿಯುತ್ತದೆ. ತಮಿಳು ಮನೆಯ ಮಗು ‘ಗ’ ಇರುವ ಕಡೆ ‘ಕ’, ‘ಬ’ ಇರುವ ಕಡೆ ‘ಪ’ ಬರೆದರೆ ಅದು ಅಸಡ್ಡೆಯಲ್ಲ. ತಮಿಳು ಲಿಪಿಯಲ್ಲಿ ಆ ಒಂದೊಂದು ಜೋಡಿಗೂ ಒಂದೇ ಅಕ್ಷರ. ಉರ್ದು ಮನೆಯ ಮಗುವಿಗೆ ‘ಳ’, ‘ಣ’ ಎರಡೂ ಹೊಸ ಸದ್ದು, ಹಾಗಾಗಿ ‘ಬಾಳೆ’ ‘ಬಾಲೆ’ ಆಗುತ್ತದೆ. ಇನ್ನು ‘ಹಾಲು’ ‘ಆಲು’ ಆಗುವುದು ಅಪ್ಪಟ ಕನ್ನಡದ ಮನೆಗಳ ಮಕ್ಕಳಲ್ಲೇ! ಎಲ್ಲರಿಗೂ ಹತ್ತು ಸಲ ಇಂಪೊಸಿಷನ್ ಬರೆಸುವುದಕ್ಕಿಂತ ಜೋಡಿ ಪದಗಳನ್ನು ಹೇಳಿ ಕಿವಿಗೆ ಕೇಳಿಸುವುದು ಮೇಲು: ಕಾಳಿ-ಗಾಳಿ, ಹಲ್ಲಿ-ಹಳ್ಳಿ, ಹಾಡು-ಆಡು. ದಿನಕ್ಕೆ ಐದು ನಿಮಿಷ ಸಾಕು, ಕಿವಿಗೆ ವ್ಯತ್ಯಾಸ ಕೇಳದ ಹೊರತು ಕೈಗೆ ಬರುವುದಿಲ್ಲ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದೂ ಒಂದು ಕೆಲಸ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದಾಗ, ಟೀಚರುಗಳು ಪ್ರಶ್ನೆಯ ನಂತರ ಕಾಯುತ್ತಿದ್ದದ್ದು ಸುಮಾರು ಒಂದೇ ಸೆಕೆಂಡು. ಅದನ್ನು ಮೂರಕ್ಕೆ ಏರಿಸಿದಾಗ ಉತ್ತರಗಳು ಉದ್ದವಾದವು, ಬಾಯಿ ಬಿಡದ ಮಕ್ಕಳೂ ಬಿಟ್ಟರು. ಮೂರು ಸೆಕೆಂಡು ಅಂದರೆ ಮನಸ್ಸಿನಲ್ಲಿ ‘ಒಂದು ಇಡ್ಲಿ, ಎರಡು ಇಡ್ಲಿ, ಮೂರು ಇಡ್ಲಿ’ ಅನ್ನುವಷ್ಟು. ನಿಮ್ಮ ಗಂಟಲಿಗೂ ಅಷ್ಟು ಹೊತ್ತು ಬಿಡುವು.

ಫೋನಿನ ಕಾಟಕ್ಕೆ ಮದ್ದು ಸೆಟ್ಟಿಂಗಿನಲ್ಲೇ ಇದೆ. ಪೋಷಕರ ಮಾಮೂಲಿ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರ ನಂಬರು ಎಲ್ಲರಿಗೂ ಕಾಣುತ್ತದೆ, ಟೀಚರದ್ದೂ ಸೇರಿ. ಅದರ ಬದಲು ವಾಟ್ಸಾಪಿನಲ್ಲೇ ಇರುವ ‘ಕಮ್ಯುನಿಟಿ’ ಮಾಡಿದರೆ ಅದರ ಪ್ರಕಟಣೆ ಗ್ರೂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬಹುದು, ಪೋಷಕರ ನಂಬರು ಪರಸ್ಪರ ಕಾಣದು. ಆಗಲೂ ಅಡ್ಮಿನ್ ನಂಬರು ಶಾಲೆಯದಾಗಿರಲಿ, ನಿಮ್ಮದಲ್ಲ. ನಿಮ್ಮ ನಂಬರೇ ಕೊಡಬೇಕಾಗಿ ಬಂದರೆ ಎರಡನೇ ಸಿಮ್ಮಿನಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿ, ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗೆ ತಾನೇ ಹೋಗುವ ಉತ್ತರ ಇಡಿ: ‘ನಾಳೆ ಮಧ್ಯಾಹ್ನದೊಳಗೆ ಉತ್ತರಿಸುತ್ತೇನೆ. ತುರ್ತಾದರೆ ಶಾಲೆಯ ಕಚೇರಿಗೆ ಕರೆ ಮಾಡಿ.’ ರಾತ್ರಿ ಹತ್ತಕ್ಕೆ ಒಂದೇ ಒಂದು ಸಲ ಉತ್ತರಿಸಿದರೂ ಈ ವ್ಯವಸ್ಥೆ ಅಲ್ಲಿಗೆ ಮುಗಿಯಿತು. ‘ಮಿಸ್ ಆನ್‌ಲೈನ್ ಇರ್ತಾರೆ’ ಅನ್ನುವುದು ಮೂವತ್ತು ಮನೆಗೆ ತಿಳಿಯಲು ಹತ್ತು ನಿಮಿಷ ಸಾಕು. ಸಂಜೆ ನಾಲ್ಕೂವರೆಗೆ ಮರುದಿನದ ಎಲ್ಲವನ್ನೂ, ಸಮವಸ್ತ್ರ, ಪರೀಕ್ಷೆ, ತರಬೇಕಾದ ಸಾಮಾನು, ಒಂದೇ ಸಂದೇಶದಲ್ಲಿ ಹಾಕಿಬಿಟ್ಟರೆ ರಾತ್ರಿಯ ಪ್ರಶ್ನೆಗಳಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ. ಜಾಗದ ಗುರುತು ಬೀಳುವ ಕ್ಯಾಮೆರಾ ಆ್ಯಪಿನಲ್ಲಿ ತೆಗೆದ ಫೋಟೊಗಳನ್ನು ಪೋಷಕರ ಗ್ರೂಪಿಗೆ ಹಾಕಬೇಡಿ. ಮಗುವಿನ ಮುಖ, ಊರು, ಹೊತ್ತು ಮೂರೂ ಒಂದೇ ಚಿತ್ರದಲ್ಲಿ ಹೊರಗೆ ಹೋಗುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು.

ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ ಉಳಿಯಿತು. ಪೀರಿಯಡ್ ನಡುವೆ ಶೌಚಾಲಯಕ್ಕೆ ಹೋಗಲು ಬಿಡುವಿಲ್ಲ, ಇರುವುದೊಂದು ಕೆಳಗಿನ ಅಂತಸ್ತಿನಲ್ಲಿ, ಹೀಗಾಗಿ ಬೆಳಿಗ್ಗೆಯಿಂದ ನೀರೇ ಕುಡಿಯದ ಮಿಸ್ಸುಗಳು ಎಷ್ಟು ಜನ! ಮೂತ್ರದ ಸೋಂಕು, ಒಣಗಿದ ಗಂಟಲು, ಸಂಜೆಯ ತಲೆನೋವು ಮೂರಕ್ಕೂ ಇದರ ನಂಟಿದೆ. ಟೈಮ್‌ಟೇಬಲ್ ಹಾಕುವಾಗಲೇ ಒಬ್ಬರಿಗೆ ಮೂರಕ್ಕಿಂತ ಹೆಚ್ಚು ಪೀರಿಯಡ್ ಒಟ್ಟಿಗೆ ಬಾರದಂತೆ ನೋಡಿಕೊಳ್ಳಬೇಕು. ಅಕ್ಕಪಕ್ಕದ ತರಗತಿಯವರು ಬಾಗಿಲಲ್ಲಿ ನಿಂತು ಐದು ನಿಮಿಷ ಎರಡೂ ಕಡೆ ಕಣ್ಣಿಡುವ ಒಪ್ಪಂದ ಮಾಡಿಕೊಳ್ಳಿ, ಎಚ್‌ಎಂಗೆ ಮೊದಲೇ ಹೇಳಿ. ನಿದ್ದೆ ಬಾರದ ರಾತ್ರಿಗಳು ಎರಡು ವಾರ ಮೀರಿದರೆ, ಭಾನುವಾರ ಸಂಜೆಯಾದರೆ ಅಳು ಬರುವಂತಾದರೆ, ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಕುರ್ಚಿ. ಟೀಚರು ಕೂತರೆ ಪಾಠ ಕೆಡುತ್ತದೆ ಅಂತ ತರಗತಿಯಿಂದ ಕುರ್ಚಿಯನ್ನೇ ಎತ್ತಿಸಿದ ಶಾಲೆಗಳಿವೆ. ಅಂಗಡಿ ಕೆಲಸದವರಿಗೆ ಕೂರುವ ಹಕ್ಕು ಕೊಡಲು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ಸೀರೆ ಮಾರುವವರಿಗೆ ಸಲ್ಲುವ ನ್ಯಾಯ ಪಾಠ ಹೇಳುವವರಿಗೆ ಯಾಕಿಲ್ಲವೋ. ನಿಂತೇ ಇದ್ದರೆ ರಕ್ತ ಕಾಲಲ್ಲಿ ನಿಲ್ಲುತ್ತದೆ, ಮೀನಖಂಡದ ರಕ್ತನಾಳ ಉಬ್ಬುತ್ತದೆ. ಮಕ್ಕಳು ಬರೆಯುತ್ತಿರುವಾಗ ಹಿಮ್ಮಡಿ ಎತ್ತಿ ಇಳಿಸುವುದನ್ನು ಇಪ್ಪತ್ತು ಸಲ ಮಾಡಿ. ಕುರ್ಚಿ ಬೇಡ ಅನ್ನುವ ಕಡೆ 24 ಅಂಗುಲದ ಎತ್ತರದ ಸ್ಟೂಲ್ ಕೇಳಿ. ಅದರ ಮೇಲೆ ಕೂತರೆ ಕೊನೆಯ ಬೆಂಚೂ ಕಾಣುತ್ತದೆ, ನೀವೂ ನಿಂತಂತೆಯೇ ಕಾಣುತ್ತೀರಿ, ಇನ್ಸ್‌ಪೆಕ್ಷನ್‌ಗೆ ಬಂದವರಿಗೆ ತಕರಾರು ತೆಗೆಯಲು ಏನೂ ಉಳಿಯುವುದಿಲ್ಲ.