ಕುಳಿತರೆ ದಂಡ, ನಿಂತರೆ ಟಿಕೆಟ್

ರೋಮ್ ನಗರದ ಟ್ರೆವಿ ಕಾರಂಜಿಯ ಕೊಳದ ಪಕ್ಕಕ್ಕೆ ಇಳಿದು ಹೋಗಬೇಕೆನ್ನುವ ಹೊರಗಿನವರು 2026ರ ಫೆಬ್ರವರಿ 1ರಿಂದ ತಲಾ 2 ಯೂರೊ ತೆರಬೇಕು ಎಂಬ ಸುದ್ದಿಯನ್ನು ನೀವೂ ಓದಿರುತ್ತೀರಿ. ಮೇಲಿನ ಚೌಕದಲ್ಲಿ ನಿಂತು ದೂರದಿಂದಲೇ ಕಣ್ತುಂಬಿಕೊಳ್ಳುವವರಿಗೆ ಶುಲ್ಕವಿಲ್ಲ. ಕಾರಂಜಿಗೆ ಬೆನ್ನು ಮಾಡಿ, ಬಲಗೈಯಿಂದ ಎಡ ಹೆಗಲ ಮೇಲೆ ಹಾಯುವಂತೆ ನಾಣ್ಯ ಎಸೆದರೆ ರೋಮ್‌ಗೆ ಮತ್ತೊಮ್ಮೆ ಬರುವ ಯೋಗ ಕೂಡಿಬರುತ್ತದೆಂದು ನಂಬಿದ ಜನ ವರ್ಷಕ್ಕೆ ಸುಮಾರು 15 ಲಕ್ಷ ಯೂರೊವನ್ನು ಆ ನೀರಿಗೆ ಹಾಕುತ್ತಾರೆ. ಅದು ಕಾರಿತಾಸ್ ಎಂಬ ಸೇವಾಸಂಸ್ಥೆಯ ಮೂಲಕ ಬಡಬಗ್ಗರಿಗೆ ಹೋಗುತ್ತದೆ. ಇನ್ನು ಮುಂದೆ ಹುಂಡಿಗೆ ಕಾಣಿಕೆ ಹಾಕುವುದಕ್ಕೂ ಮೊದಲು ಚೀಟಿ ಮಾಡಿಸಬೇಕು. ಧರ್ಮದರ್ಶನದ ಸಾಲು ಬೇರೆ, ವಿಶೇಷ ದರ್ಶನದ ಸಾಲು ಬೇರೆ ಎಂದು ದೇವರ ಮುಂದೆಯೇ ಹಗ್ಗ ಕಟ್ಟಿ ರೂಢಿಯಿರುವ ನಮಗೆ ಇದರಲ್ಲಿ ಹೊಸತೇನೂ ಕಾಣುವುದಿಲ್ಲ. ಎರಡು ಸಾವಿರ ವರ್ಷಗಳಿಂದ ಯಾತ್ರಿಕರನ್ನು ನೋಡುತ್ತ ಬಂದಿರುವ ಊರಿಗೆ ಈ ಬುದ್ಧಿ ಇಷ್ಟು ತಡವಾಗಿ ಬಂದದ್ದೇ ಆಶ್ಚರ್ಯ.

ಈ ಸುದ್ದಿಯನ್ನು ನಾನು ಅಮ್ಮನಿಗೆ ಓದಿ ಹೇಳಿದೆ. 2025ರ ಮೇ ತಿಂಗಳಲ್ಲಿ ಅಮ್ಮ, ನಾನು, ನನ್ನ ಹೆಂಡತಿ ಮತ್ತು ಮಗ ಬೆಂಗಳೂರಿನಿಂದ ಹೊರಟ ನಲವತ್ತೆರಡು ಜನರ ಗ್ರೂಪ್ ಟೂರಿನಲ್ಲಿ ಸೇರಿಕೊಂಡು ವೆನಿಸ್, ಫ್ಲಾರೆನ್ಸ್, ಪೀಸಾ, ರೋಮ್‌ಗಳನ್ನು ಆರು ದಿನಗಳಲ್ಲಿ ಮುಗಿಸಿ ಬಂದಿದ್ದೆವು. "ಮುಗಿಸಿ" ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ನಮ್ಮ ಟೂರ್ ಮ್ಯಾನೇಜರನೂ ಅದನ್ನೇ ಬಳಸುತ್ತಿದ್ದ. ಸುದ್ದಿ ಕೇಳಿದ ಅಮ್ಮ ಒಂದೇ ಒಂದು ಪ್ರಶ್ನೆ ಹಾಕಿದಳು: "ಎರಡು ಯೂರೊ ಕೊಟ್ರೆ ಕೂತ್ಕೊಳ್ಳೋಕೆ ಬಿಡ್ತಾರಂತೇನೋ?"

ಬಿಡುವುದಿಲ್ಲ. ಕೊಳದ ಅಂಚಿನ ಕಲ್ಲಿನ ಮೇಲೆ ಕೂರುವುದಕ್ಕೆ ಮೊದಲೂ ಅನುಮತಿಯಿರಲಿಲ್ಲ. ನಾವು ಹೋದಾಗ ಒಳಗೆ ಏಕಕಾಲಕ್ಕೆ 400 ಜನರಿಗೆ ಮಾತ್ರ ಪ್ರವೇಶವೆಂದು ಕಟ್ಟುನಿಟ್ಟು ಮಾಡಿದ್ದರು. ಸರದಿಯಲ್ಲಿ ನಿಂತು ಇಳಿದೆವು, ನಿಂತೇ ನಾಣ್ಯ ಎಸೆದೆವು, ನಿಂತೇ ಫೋಟೋ ತೆಗೆಸಿಕೊಂಡೆವು, ಹಿಂದಿನವರು ನೂಕುವ ಮೊದಲೇ ಮೇಲೆ ಹತ್ತಿದೆವು. ಎಪ್ಪತ್ತೆರಡು ವರ್ಷದ, ಎರಡೂ ಮಂಡಿ ಸವೆದ ಹೆಂಗಸಿನ ದೃಷ್ಟಿಯಲ್ಲಿ ಇಟಲಿ ಎಂದರೆ ಮೈಕೆಲೆಂಜೆಲೊ ಅಲ್ಲ, ಗೆಲಿಲಿಯೊ ಅಲ್ಲ. ಕೂರುವುದಕ್ಕೆ ಜಾಗವಿಲ್ಲದ ದೇಶ, ಅಷ್ಟೇ. ಆ ದೃಷ್ಟಿಯೇ ಸರಿಯೆಂದು ನನಗೆ ಈಚೆಗೆ ತೋರುತ್ತಿದೆ.

ಸ್ಪ್ಯಾನಿಷ್ ಮೆಟ್ಟಿಲುಗಳ ವಿಷಯವನ್ನೇ ತೆಗೆದುಕೊಳ್ಳಿ. 1720ರ ದಶಕದಲ್ಲಿ ಕಟ್ಟಿದ, 135 ಮೆಟ್ಟಿಲುಗಳ, ನಡುನಡುವೆ ಅಗಲವಾಗಿ ಹರಡಿ ಮತ್ತೆ ಕೂಡಿಕೊಳ್ಳುವ ಆ ಸೋಪಾನವನ್ನು ನೋಡಿದ ಯಾರಿಗಾದರೂ ಇದು ಹತ್ತುವುದಕ್ಕಿಂತ ಹೆಚ್ಚಾಗಿ ಕೂರುವುದಕ್ಕೆಂದೇ ಮಾಡಿದ್ದು ಎನ್ನಿಸುತ್ತದೆ. ಮುನ್ನೂರು ವರ್ಷ ಜನ ಹಾಗೆಯೇ ತಿಳಿದುಕೊಂಡು ಕೂತಿದ್ದರು ಕೂಡ. 2019ರಲ್ಲಿ ರೋಮ್ ನಗರಾಡಳಿತವು ಅಲ್ಲಿ ಕೂರುವುದನ್ನು ನಿಷೇಧಿಸಿತು. ಕುಳಿತವರಿಗೆ 400 ಯೂರೊವರೆಗೆ ದಂಡ. ಅಮ್ಮನಿಗೆ ಈ ಕಾನೂನು ಗೊತ್ತಿರಲಿಲ್ಲ; ಗೊತ್ತಿದ್ದರೂ ಮಂಡಿಗೆ ಗೊತ್ತಿರಲಿಲ್ಲ. ಮೂರನೆಯ ಮೆಟ್ಟಿಲಿನ ಅಂಚಿನಲ್ಲಿ ಸೆರಗು ಸರಿಪಡಿಸಿಕೊಂಡು ಕೂತು, ಚೀಲದಿಂದ ಅವಲಕ್ಕಿಯ ಡಬ್ಬಿಯನ್ನು ಇನ್ನೂ ಅರ್ಧ ತೆಗೆಯುತ್ತಿದ್ದಳು, ಅಷ್ಟರಲ್ಲಿ ಸಮವಸ್ತ್ರದವರೊಬ್ಬರು ದೂರದಿಂದಲೇ ಸೀಟಿ ಊದಿದರು. ಜೀವಮಾನವಿಡೀ ಕಂಡಕ್ಟರನ ಸೀಟಿಗೆ ಓಗೊಟ್ಟು ಬದುಕಿದವಳು ಬಸ್ಸು ಹೊರಟೇಬಿಟ್ಟಿತೆಂದು ಗಾಬರಿಯಾಗಿ, ಡಬ್ಬಿಯ ಮುಚ್ಚಳವನ್ನು ಅಲ್ಲೇ ಬಿಟ್ಟು ಎದ್ದಳು. ಆ ಮುಚ್ಚಳ ಟಣಟಣ ಸದ್ದು ಮಾಡುತ್ತ ಮೂರು ಮೆಟ್ಟಿಲು ಉರುಳಿ ಕೆಳಗೆ ಬಿತ್ತು. ದಂಡ ಬೀಳಲಿಲ್ಲ, ಎದ್ದು ನಿಂತದ್ದಕ್ಕೆ ಸಮಾಧಾನಗೊಂಡ ಆ ಮಹಾಶಯರು ಮುಂದಿನ ಅಪರಾಧಿಯ ಕಡೆಗೆ ತಿರುಗಿದರು. ಪಾರಂಪರಿಕ ಕಟ್ಟಡಗಳನ್ನು ಉಳಿಸಿಕೊಳ್ಳುವ ಅವರ ಕಾಳಜಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ದಿನಕ್ಕೆ ಸಾವಿರಾರು ಬೂಟುಗಳ ಅಡಿಗೆ ಸವೆಯದ ಕಲ್ಲು ನಮ್ಮ ಅಮ್ಮನ ಹತ್ತಿ ಸೀರೆಯ ಅಡಿಗೆ ಸವೆದು ಹೋಗುವುದಾದರೆ ಅದನ್ನು ತಡೆಯಲೇಬೇಕು.

ಹಾಗೆಂದು ಇಡೀ ದೇಶದಲ್ಲಿ ಕೂರುವ ಅವಕಾಶವೇ ಇಲ್ಲವೆಂದರೆ ಸುಳ್ಳಾಗುತ್ತದೆ. ಬಸ್ಸಿತ್ತು. ಲಕ್ಷಗಟ್ಟಲೆ ಹಣ ಕಟ್ಟಿ, ವೀಸಾಕ್ಕೆಂದು ಬ್ಯಾಂಕಿನ ಪಾಸ್‌ಪುಸ್ತಕದಿಂದ ಹಿಡಿದು ಜೀವನದ ಸಮಸ್ತ ಕಾಗದಪತ್ರಗಳನ್ನೂ ಒಪ್ಪಿಸಿ, ನಾವು ಇಟಲಿಯಲ್ಲಿ ಅತಿ ಹೆಚ್ಚು ಹೊತ್ತು ಕಳೆದದ್ದು ಆ ಬಸ್ಸಿನೊಳಗೆ. ಅಲ್ಲಿಯೂ ಸೀಟ್ ರೊಟೇಶನ್ ಎಂಬ ಒಂದು ಸಂವಿಧಾನವಿತ್ತು. ಮೊದಲ ದಿನ ಮುಂದಿನ ಸಾಲಿನಲ್ಲಿ ಕೂತವರು ಮರುದಿನ ಮೂರು ಸಾಲು ಹಿಂದೆ ಹೋಗಬೇಕು, ಹೀಗೆ ಎಲ್ಲರಿಗೂ ಚಾಲಕನ ಗಾಜಿನಿಂದ ಟಸ್ಕನಿಯ ಬೆಟ್ಟಗಳನ್ನು ನೋಡುವ ಭಾಗ್ಯ ಸಮನಾಗಿ ದಕ್ಕಬೇಕು. ತತ್ವ ಉದಾತ್ತವಾದದ್ದು. ಆದರೆ ಬೆಂಗಳೂರಿನ ನಲವತ್ತೆರಡು ಜನರ ನಡುವೆ ಯಾವ ತತ್ವವೂ ಒಂದು ಕರ್ಚೀಫಿನ ಎದುರು ನಿಲ್ಲುವುದಿಲ್ಲ. ಎರಡನೆಯ ದಿನ ಬೆಳಿಗ್ಗೆ ಏಳಕ್ಕೆ ನಾವು ಬಸ್ಸು ಹತ್ತಿದಾಗ ಮುಂದಿನ ನಾಲ್ಕು ಸಾಲುಗಳಲ್ಲಿ ಕರ್ಚೀಫು, ನೀರಿನ ಬಾಟಲಿ, ಒಂದು ಮಂಕಿ ಟೋಪಿ ಮತ್ತು ಅರ್ಧ ತಿಂದ ಬಾಳೆಹಣ್ಣು ತಮ್ಮ ತಮ್ಮ ಮಾಲೀಕರ ಪರವಾಗಿ ಆಸೀನವಾಗಿದ್ದವು. ಮೆಜೆಸ್ಟಿಕ್ಕಿನಲ್ಲಿ ಕಿಟಕಿಯೊಳಗಿಂದ ಟವೆಲ್ ಎಸೆದು ಕಲಿತ ವಿದ್ಯೆ ಸಮುದ್ರ ದಾಟಿದ ಮಾತ್ರಕ್ಕೆ ಮರೆತುಹೋಗುವುದಿಲ್ಲವಲ್ಲ. ಬಾಳೆಹಣ್ಣಿನ ಹಕ್ಕುದಾರರು ನಿವೃತ್ತ ಅಧಿಕಾರಿಗಳು. ರೊಟೇಶನ್ ನಿಯಮವನ್ನು ಮೊದಲ ದಿನ ಎಲ್ಲರಿಗೂ ಓದಿ ವಿವರಿಸಿದವರೂ ಅವರೇ.

ಆ ಬಸ್ಸಿನಲ್ಲಿ ಕಾನೂನಿನ ರಕ್ಷಣೆಯಿದ್ದವನು ಒಬ್ಬನೇ, ಅದು ಚಾಲಕ. ನಾಲ್ಕೂವರೆ ಗಂಟೆ ಗಾಡಿ ಓಡಿಸಿದರೆ 45 ನಿಮಿಷ ವಿಶ್ರಾಂತಿ ತೆಗೆದುಕೊಳ್ಳಲೇಬೇಕು, ದಿನಕ್ಕೆ ಸಾಮಾನ್ಯವಾಗಿ ಒಂಬತ್ತು ಗಂಟೆಗಿಂತ ಹೆಚ್ಚು ಓಡಿಸಬಾರದು ಎಂಬುದು ಯುರೋಪಿಯನ್ ಒಕ್ಕೂಟದ ನಿಯಮ. ಅದನ್ನೆಲ್ಲ ಬರೆದಿಟ್ಟುಕೊಳ್ಳುವ ಯಂತ್ರವೊಂದು ಅವನ ಮುಂದೆಯೇ ಇರುತ್ತದೆ. ಬಹಳ ಒಳ್ಳೆಯ ಕಾನೂನು, ನಮ್ಮ ಚಾಲಕರಿಗೂ ಇಷ್ಟು ನಿಷ್ಠೆಯಿಂದ ಸಿಗಬೇಕಾದದ್ದು. ಪ್ರವಾಸಿ ಎಷ್ಟು ಗಂಟೆ ನಡೆದ ಮೇಲೆ ಎಷ್ಟು ನಿಮಿಷ ಕೂರಬೇಕು ಎಂಬುದನ್ನು ಬರೆದಿಡುವ ಯಂತ್ರ ಮಾತ್ರ ಇನ್ನೂ ಬಂದಿಲ್ಲ.

ಕಾಫಿಯ ವ್ಯವಹಾರವೂ ಇದೇ ಧಾಟಿಯದು. ಇಟಲಿಯಲ್ಲಿ ಕಾಫಿಯನ್ನು ಕಟ್ಟೆಯ ಮುಂದೆ ನಿಂತು ಕುಡಿದರೆ ಒಂದು ಬೆಲೆ, ಅದನ್ನೇ ಮೇಜಿಗೆ ತರಿಸಿಕೊಂಡು ಕೂತು ಕುಡಿದರೆ ಇನ್ನೊಂದು ಬೆಲೆ. ಇದನ್ನು ಅನ್ಯಾಯವೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ದರ್ಶಿನಿಯಲ್ಲಿ ನಿಂತು ಇಡ್ಲಿ ತಿಂದು, ಪಕ್ಕದ ಎಸಿ ಹಾಲಿನಲ್ಲಿ ಅದೇ ಇಡ್ಲಿಗೆ ಎರಡರಷ್ಟು ಕೊಟ್ಟ ಬೆಂಗಳೂರಿನವನು ಯಾವ ಮುಖದಿಂದ ಕರೆದಾನು? ಆದರೆ ದರ್ಶಿನಿಯಲ್ಲಿ ನಿಂತವನು ಹೊರಗೆ ಬಂದು ಪಕ್ಕದ ಅರಳಿಕಟ್ಟೆಯ ಮೇಲೆ ಕೂತರೆ ಯಾರೂ ಸೀಟಿ ಊದುವುದಿಲ್ಲ.

ಇನ್ನು ವೆನಿಸ್. ಈ ಊರಿನ ಆಡಳಿತ ಜಾಣ್ಮೆಯನ್ನು ಹೊಗಳಲು ಒಂದು ಅಂಕಣ ಸಾಲದು. 2024ರ ಏಪ್ರಿಲ್ 25ರಿಂದ, ರಾತ್ರಿ ತಂಗದೆ ಬಂದು ಹೋಗುವವರಿಗೆ ಅಲ್ಲಿ 5 ಯೂರೊ ಪ್ರವೇಶ ಶುಲ್ಕ; ಆ ವರ್ಷ 29 ದಿನ, 2025ರಲ್ಲಿ 54 ದಿನ, ತಡವಾಗಿ ಕಟ್ಟಿದವರಿಗೆ 10 ಯೂರೊ. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರವರೆಗೆ ಮಾತ್ರ. ನಾಲ್ಕು ದಾಟಿದ ಮೇಲೆ ಬಂದವರ ಭಾರಕ್ಕೆ ಊರು ಮುಳುಗುವುದಿಲ್ಲವೆಂದು ಕಾಣುತ್ತದೆ. ನಮ್ಮ ಹೋಟೆಲು ಸೇತುವೆಯಾಚೆಯ ಮೆಸ್ತ್ರೆಯಲ್ಲಿತ್ತು. ಮೆಸ್ತ್ರೆ ವೆನಿಸ್ ನಗರಸಭೆಯ ವ್ಯಾಪ್ತಿಗೇ ಸೇರಿದ್ದರಿಂದ ಅಲ್ಲಿ ತಂಗಿದವರಿಗೆ ಈ ಶುಲ್ಕದಿಂದ ವಿನಾಯಿತಿಯಿದೆ. ಆದರೆ ವಿನಾಯಿತಿಯಿದೆಯೆಂದು ಸುಮ್ಮನೆ ಹೋಗುವಂತಿಲ್ಲ, ಮೊದಲೇ ಹೆಸರು ನೋಂದಾಯಿಸಿ ಕ್ಯೂಆರ್ ಕೋಡ್ ಪಡೆದಿರಬೇಕು. ಹಣ ಕೊಟ್ಟಿದ್ದಕ್ಕೆ ರಸೀದಿ ಕೊಡುವ ಊರುಗಳನ್ನು ನಾನು ಕಂಡಿದ್ದೆ. ಹಣ ಕೊಡಬೇಕಾಗಿಲ್ಲ ಎಂಬುದಕ್ಕೂ ರಸೀದಿ ಕೇಳುವ ಊರನ್ನು ಅಲ್ಲಿಯೇ ಕಂಡೆ.

ಒಬ್ಬ ಗೈಡಿನ ಹಿಂದೆ 25ಕ್ಕಿಂತ ಹೆಚ್ಚು ಜನ ಹೋಗಬಾರದು, ಧ್ವನಿವರ್ಧಕ ಬಳಸಬಾರದು ಎಂಬ ನಿಯಮವನ್ನೂ ಅದೇ 2024ರಲ್ಲಿ ತಂದರು. ನಾವು ಅದನ್ನು ಚಾಚೂ ತಪ್ಪದೆ ಪಾಲಿಸಿದೆವು. ನಲವತ್ತೆರಡು ಜನರನ್ನು ಇಪ್ಪತ್ತೊಂದರ ಎರಡು ಗುಂಪು ಮಾಡಿ, ಒಂದಕ್ಕೆ ಹಳದಿ ಕೊಡೆ, ಇನ್ನೊಂದಕ್ಕೆ ಕೆಂಪು ಕೊಡೆ ಕೊಟ್ಟು, ಹತ್ತು ಹೆಜ್ಜೆಯ ಅಂತರದಲ್ಲಿ ಒಂದರ ಹಿಂದೆ ಒಂದನ್ನು ಅದೇ ಓಣಿಯಲ್ಲಿ ನಡೆಸಿಕೊಂಡು ಹೋದರು. ಓಣಿಗೆ ವ್ಯತ್ಯಾಸ ತಿಳಿದಂತೆ ತೋರಲಿಲ್ಲ. ಎದುರಿನಿಂದ ತರಕಾರಿ ಚೀಲ ಹಿಡಿದು ಬಂದ ವಯಸ್ಸಾದ ಹೆಂಗಸೊಬ್ಬರು ಗೋಡೆಗೆ ಒರಗಿ ನಿಂತು, ಹಳದಿ ಕೊಡೆ ಹೋದ ಮೇಲೆ ಒಂದು ಹೆಜ್ಜೆ ಮುಂದಿಟ್ಟು, ಕೆಂಪು ಕೊಡೆಯನ್ನು ಕಂಡು ಮತ್ತೆ ಗೋಡೆಗೆ ಒರಗಿದರು. ಅವರ ಮುಖದಲ್ಲಿ ಸಿಟ್ಟೂ ಇರಲಿಲ್ಲ. ಆ ದ್ವೀಪದ ಊರಿನಲ್ಲಿ ಈಗ ವಾಸವಿರುವವರು 50 ಸಾವಿರಕ್ಕಿಂತ ಕಡಿಮೆ. 1950ರ ದಶಕದ ಆರಂಭದಲ್ಲಿ ಸುಮಾರು ಒಂದೂಮುಕ್ಕಾಲು ಲಕ್ಷವಿದ್ದರು. ಇದ್ದವರ ಮನೆಗಳಲ್ಲಿ ಎಷ್ಟೋ ಈಗ ನಮ್ಮಂಥವರ ತಂಗುದಾಣಗಳು.

ವೆನಿಸ್‌ನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ, ಹೆಚ್ಚಿನವಕ್ಕೆ ಮೆಟ್ಟಿಲುಗಳಿವೆ, ಕೂತು ತಿಂದರೆ 100ರಿಂದ 200 ಯೂರೊ ದಂಡವಿದೆ. ಸಾನ್ ಮಾರ್ಕೊ ಚೌಕದಲ್ಲಿ ನಮಗೆ ಕಂಡ ಖಾಲಿ ಆಸನಗಳೆಂದರೆ ಕಾಫಿ ಅಂಗಡಿಗಳ ಕುರ್ಚಿಗಳು; ವಾದ್ಯದವರು ನುಡಿಸುತ್ತಿದ್ದರೆ ಅಲ್ಲಿ ಕಾಫಿಯ ಬೆಲೆಯ ಮೇಲೆ ತಲೆಗಿಷ್ಟು ಎಂದು ಸಂಗೀತದ ಶುಲ್ಕ ಬೇರೆ. ಕೊನೆಗೆ ಉಳಿದದ್ದು ಗೊಂಡೊಲಾ. ಐದು ಜನ ಕೂರುವ ದೋಣಿಗೆ ಹಗಲು ಹೊತ್ತು ಅರ್ಧ ಗಂಟೆಗೆ 90 ಯೂರೊ ಎಂಬುದು ಅಧಿಕೃತ ದರ. "ಹಾಗಾದರೆ ಕೂರೋದಕ್ಕೆ ನಿಮಿಷಕ್ಕೆ ಮೂರು ಯೂರೊ" ಎಂದು ಮಗ ಲೆಕ್ಕ ಹಾಕಿದ. ಹೆಂಡತಿ ಅದನ್ನು ರೂಪಾಯಿಗೆ ತಿರುಗಿಸಿದಳು. ಅಮ್ಮ ಆಮೇಲೆ ಅರ್ಧ ಗಂಟೆಯೂ ಕಣ್ಣು ಮುಚ್ಚಿ ಕೂತಿದ್ದಳು; ಎಷ್ಟು ಹೇಳಿದರೂ ಅರಮನೆಗಳ ಕಡೆಗೆ ನೋಡಲಿಲ್ಲ.

ಇಷ್ಟು ಹೊತ್ತು ನಗಾಡಿದ್ದಾಯಿತು. ನಿಜ ಹೇಳಬೇಕೆಂದರೆ ನನಗೆ ಸಾಕಾಗಿ ಹೋಗಿದೆ. ಮೊದಲ ವರ್ಷ ಈ ಪ್ರವೇಶ ಶುಲ್ಕದಿಂದ ವೆನಿಸ್‌ಗೆ ಸುಮಾರು 24 ಲಕ್ಷ ಯೂರೊ ಬಂತು, ಮರುವರ್ಷ ಸುಮಾರು 54 ಲಕ್ಷ. ಜನಸಂದಣಿ ತಗ್ಗಿದ್ದು ಕಾಣುತ್ತಿಲ್ಲವೆಂದು ಅಲ್ಲಿನ ವಿರೋಧ ಪಕ್ಷದವರೇ ದೂರಿದ್ದಾರೆ. ಜನ ಬೇಡವೆಂದರೆ ಬೇಡವೆಂದು ಹೇಳಿ, ಬಾಗಿಲು ಹಾಕಿ. ಆ ಗೋಡೆಗೊರಗಿದ ಹೆಂಗಸಿನ ಪರವಾಗಿ ನಾನೂ ಅದನ್ನು ಒಪ್ಪುತ್ತೇನೆ. ಜನ ಬೇಕೆಂದರೆ ಕೂರಲು ಒಂದು ಬೆಂಚು ಹಾಕಿ. ಹಣ ಬೇಕು, ಹಣ ತಂದ ಮನುಷ್ಯನ ಕಾಲು ಮಾತ್ರ ಬೇಡ ಎಂಬುದು ಯಾವ ಸಂರಕ್ಷಣೆ? ನಮ್ಮನ್ನು ಕರೆದುಕೊಂಡು ಹೋದವರೇನೂ ಕಡಿಮೆಯಲ್ಲ. ಕಾರ್ಯಕ್ರಮದ ಪಟ್ಟಿಯಲ್ಲಿ "ಆರಾಮದಾಯಕ ನಡಿಗೆ" ಎಂದು ಬರೆದು ದಿನಕ್ಕೆ ಹದಿನಾರು ಸಾವಿರ ಹೆಜ್ಜೆ ಹಾಕಿಸಿ, ಹಿಂದೆ ಉಳಿದವರಿಗೆ "ಆಂಟಿ, ಬೇಗ ಬನ್ನಿ, ಇಂಡಿಯನ್ ಡಿನ್ನರ್ ತಣ್ಣಗಾಗುತ್ತೆ" ಎಂದು ಗದರುತ್ತಿದ್ದರು. ಅಷ್ಟು ದೂರದಿಂದ ತಂದ ತಾಯಿಯನ್ನು ಆ ಗದರಿಕೆಗೆ ಒಪ್ಪಿಸಿ ಸುಮ್ಮನಿದ್ದ ನಾನೂ ಕಡಿಮೆಯಲ್ಲ.

ಫ್ಲಾರೆನ್ಸ್ ಈ ವಿಷಯದಲ್ಲಿ ತನ್ನದೇ ದಾರಿ ತೋರಿಸಿತ್ತು. 2017ರಲ್ಲಿ ಅಲ್ಲಿನ ಮೇಯರ್, ಸಾಂತಾ ಕ್ರೋಚೆಯಂಥ ಚರ್ಚುಗಳ ಮೆಟ್ಟಿಲ ಮೇಲೆ ಕೂತು ಬುತ್ತಿ ತಿನ್ನುವವರನ್ನು ಎಬ್ಬಿಸಲು, ಸರಿಯಾಗಿ ಊಟದ ಹೊತ್ತಿಗೆ ಮೆಟ್ಟಿಲುಗಳಿಗೆ ಪೈಪಿನಿಂದ ನೀರು ಬಿಡಿಸುವ ಏರ್ಪಾಡು ಮಾಡಿದರು. ಅಂಗಡಿ ಮುಂದಿನ ಕಟ್ಟೆಗೆ ನೀರು ಚೆಲ್ಲಿ, ಅದೂ ಸಾಲದಾದಾಗ ಕಬ್ಬಿಣದ ಮುಳ್ಳು ನೆಡಿಸುವ ನಮ್ಮ ಚಿಕ್ಕಪೇಟೆಯ ಸೆಟ್ಟರಿಗೂ ಆ ಮೇಯರಿಗೂ ಯಾವುದೋ ಜನ್ಮದ ನಂಟಿರಬೇಕು.

ವಿಚಿತ್ರವೆಂದರೆ, ಜಗಲಿಯ ಮೇಲೆ ಜನರನ್ನು ಕೂರಿಸಿಕೊಳ್ಳುವುದು ಆ ಊರಿನದೇ ಹಳೆಯ ಮರ್ಯಾದೆ. ಮೆದಿಚಿ ಮನೆತನದವರು 1444ರಲ್ಲಿ ಶುರುಮಾಡಿದ ಅರಮನೆಯ ಹೊರಗೋಡೆಯ ಬುಡದಲ್ಲಿ, ಬೀದಿಯುದ್ದಕ್ಕೂ, ಕಲ್ಲಿನ ಆಸನ ಕಟ್ಟಿಸಿದ್ದಾರೆ. 1489ರಲ್ಲಿ ಆರಂಭವಾದ ಸ್ಟ್ರೋಜಿ ಮನೆತನದ ಅರಮನೆಯ ಸುತ್ತಲೂ ಅದೇ ತರಹದ ಕಟ್ಟೆಯಿದೆ. ಇಬ್ಬರೂ ಬಡ್ಡಿ ವ್ಯವಹಾರದವರು, ಕಾಸಿಗೆ ಕಾಸು ಎಣಿಸಿದವರು. ಅಂಥವರೇ ಒಳಗೆ ಬರಬೇಕಾದವರು, ಕಾಯಬೇಕಾದವರು, ಸುಮ್ಮನೆ ದಾರಿಹೋಕರು, ಯಾರೇ ಆಗಲಿ ಕೂರಲಿ ಎಂದು ಕಲ್ಲು ಹಾಸಿಸಿದರು. ಟಿಕೆಟ್ ಇಡುವ ಯೋಚನೆ ಬಂದಿರಲಾರದು, ಬಂದಿದ್ದರೆ ಬಿಡುವ ಪೈಕಿಯವರಲ್ಲ.

ನಮ್ಮ ಕಾರ್ಯಕ್ರಮದಲ್ಲಿ ಸ್ಟ್ರೋಜಿ ಅರಮನೆ ಇರಲಿಲ್ಲ, ಚರ್ಮದ ಅಂಗಡಿಯಿತ್ತು. ಅಲ್ಲಿಗೆ ಹೋಗುವ ದಾರಿಯಲ್ಲಿ ಅಮ್ಮ ಆ ಕಟ್ಟೆಯನ್ನು ಕಂಡಳು. ಮುಟ್ಟಿ ನೋಡಿದಳು, ಆಚೀಚೆ ಯಾರಾದರೂ ಸೀಟಿ ಊದುತ್ತಾರೇನೋ ಎಂದು ಕಾದಳು, ಊದಲಿಲ್ಲ. ಕೂತು, ಚಪ್ಪಲಿ ಕಳಚಿ, ಕಾಲುಗಳನ್ನು ಒಂದರ ಮೇಲೊಂದು ಇಟ್ಟುಕೊಂಡಳು. ಪಕ್ಕದಲ್ಲಿ ಪತ್ರಿಕೆ ಓದುತ್ತಿದ್ದ ಮುದುಕರೊಬ್ಬರು ತಲೆಯೆತ್ತದೆ ಸ್ವಲ್ಪ ಸರಿದು ಕೂತರು. ಕೊಡೆ ಮುಂದೆ ಹೋಯಿತು, ಕಿವಿಯ ಯಂತ್ರದಲ್ಲಿ ಟೂರ್ ಮ್ಯಾನೇಜರನ ಧ್ವನಿ ಕ್ಷೀಣಿಸುತ್ತ ಹೋಗಿ ಕೊನೆಗೆ ಬರೀ ಗರಗರ ಉಳಿಯಿತು. ನಾನು ಏನೂ ಹೇಳಲಿಲ್ಲ. ಚರ್ಮದ ಅಂಗಡಿಯನ್ನು ನಾವು ನೋಡಲಿಲ್ಲ. ಬಸ್ಸಿಗೆ ಹನ್ನೊಂದು ನಿಮಿಷ ತಡವಾಗಿ ಬಂದೆವು. ಮುಂದಿನ ಸಾಲಿನ ನಿವೃತ್ತ ಅಧಿಕಾರಿಗಳು ನಮ್ಮ ಕಡೆ ನೋಡಿ ಗಡಿಯಾರ ನೋಡಿಕೊಂಡರು. ರೊಟೇಶನ್ ಪ್ರಕಾರ ಆ ದಿನ ನಮ್ಮದು ಕೊನೆಯ ಸಾಲು.